ಐದನೇ ತಿಂಗಳ ಅನ್ನಪ್ರಾಶನ: ಸುರತ್ಕಲ್ ಕಡೆಯ ಒಂದು ಪ್ರಕರಣ

"ಮಗುವಿಗೆ ಊಟ ಈಗ ಶುರು ಮಾಡಬಹುದಾ?" ನನ್ನ ಬಳಿ ಬರುವ ತಾಯಂದಿರು ಕೇಳುವುದು ಇಷ್ಟೇ. ಈ ಮನೆಯಲ್ಲಿ ಆ ಒಂದು ಪ್ರಶ್ನೆಯ ಹಿಂದೆ ತಾಯಿಯ ರಜೆ ಇತ್ತು, ಅಜ್ಜಿಯ ಪಂಚಾಂಗ ಇತ್ತು, ತೂಕದ ಚಿಂತೆ ಇತ್ತು, ಕುವೈತಿನಿಂದ ಬಂದ ಒಂದು ಡಬ್ಬವೂ ಇತ್ತು. ಮಗುವಿನ ಕುತ್ತಿಗೆ, ಸೊಂಟ, ನಾಲಿಗೆ ಏನು ಹೇಳುತ್ತವೆ ಎಂದು ಮಾತ್ರ ಯಾರೂ ನೋಡಿರಲಿಲ್ಲ. ಅದಕ್ಕೇ ಇದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ನಾನು ಮಂಗಳೂರಿನಲ್ಲಿ ಎದೆಹಾಲು ಮತ್ತು ಶಿಶು ಆಹಾರದ ಬಗ್ಗೆ ಸಲಹೆ ಕೊಡುವವಳು. ಮನೆಯವರ ಒಪ್ಪಿಗೆ ಕೇಳಿದ್ದೇನೆ. ಗುರುತು ಹತ್ತುವಂಥ ಒಂದೆರಡು ವಿವರ ಬದಲಿಸಿದ್ದೇನೆ.

ಹೆಣ್ಣು ಮಗು, ಚೊಚ್ಚಲು. ಜನವರಿ ಮೂರನೇ ವಾರದಲ್ಲಿ, ತಿಂಗಳು ತುಂಬಿಯೇ ಹುಟ್ಟಿದ್ದು. ತೂಕ 2.8 ಕಿಲೋ. ಬಾಣಂತನ ತಾಯಿಯ ಅಮ್ಮನ ಮನೆಯಲ್ಲಿ, ಸುರತ್ಕಲ್ ಕಡೆ. ತಂದೆ ಕುವೈತಿನಲ್ಲಿ. ತಾಯಿಗೆ ಹಂಪನಕಟ್ಟೆಯ ಒಂದು ಖಾಸಗಿ ಕಚೇರಿಯಲ್ಲಿ ಕೆಲಸ. ಮೇ ಕೊನೆಯ ವಾರ ಮೂವರೂ ಬಂದರು: ತಾಯಿ, ಅಜ್ಜಿ, ಅಜ್ಜಿಯ ಹೆಗಲ ಮೇಲೆ ಮಗು. ಮಗುವಿಗೆ ಆಗ 18 ವಾರ. ಅಲ್ಲಿಯವರೆಗೆ ಬರೀ ಎದೆಹಾಲು.

ಮಾತು ಶುರು ಮಾಡಿದ್ದು ಅಜ್ಜಿ. "ನಾವು ಊಟಕ್ಕೆ ಕೂತ್ರೆ ಸಾಕು ಮೇಡಂ, ಬಟ್ಟಲನ್ನೇ ನೋಡ್ತದೆ. ಬಾಯಿ ಚಪ್ಪರಿಸ್ತದೆ. ಕೊದಿ (ತಿನ್ನುವ ಆಸೆ) ಆಗ್ತದೆ ಅಲ್ವಾ ಅದಕ್ಕೆ? ರಾತ್ರಿ ಮೂರ್ನಾಲ್ಕು ಸಲ ಏಳ್ತದೆ. ಕೈ ಇಡೀ ಬಾಯಿಗೆ ಹಾಕ್ತದೆ. ಹಾಲು ಸಾಕಾಗುದಿಲ್ಲ ಅದಕ್ಕೆ."

ತಾಯಿ ಸುಮ್ನೆ ಕೂತಿದ್ದಳು. ತಾಯಿ-ಮಗುವಿನ ಆರೋಗ್ಯದ ವಿವರ ಬರೆಯುವ 'ತಾಯಿ ಕಾರ್ಡ್' ತೆಗೆದು ಮೇಜಿನ ಮೇಲಿಟ್ಟು, "ತೂಕ ಏರುದು ನಿಧಾನ ಆಗಿದೆ" ಎಂದಷ್ಟೇ ಹೇಳಿದಳು.

ಅಜ್ಜಿ ಕಂಡದ್ದೆಲ್ಲ ನಿಜವೇ. ಅದು ಹಸಿವಿನ ಗುರುತು ಎಂದು ಓದಿಕೊಂಡದ್ದು ಮಾತ್ರ ತಪ್ಪು. ನಾಲ್ಕು ತಿಂಗಳ ಮಗುವಿಗೆ ಕಣ್ಣು ಚೆನ್ನಾಗಿ ಹಿಡಿತಕ್ಕೆ ಬಂದಿರುತ್ತದೆ. ಚಲಿಸುವುದು ಏನಿದ್ದರೂ ನೋಡುತ್ತದೆ. ಬಟ್ಟಲಿನಿಂದ ಬಾಯಿಗೆ ಹೋಗುವ ಕೈ ಅದಕ್ಕೆ ಒಳ್ಳೆಯ ಆಟ. ಅಜ್ಜಿ ಬೀಡಿ ಕಟ್ಟಿದರೂ ಅಷ್ಟೇ ಗಮನ ಕೊಟ್ಟು ನೋಡುತ್ತದೆ, ಹಾಗಂತ ಬೀಡಿ ಕೊಡ್ತೀರಾ ಎಂದು ಕೇಳಿದೆ. ಅಜ್ಜಿ ನಕ್ಕರು. ಕೈ ಬಾಯಿಗೆ ಹೋಗುವುದೂ ಈ ವಯಸ್ಸಿನ ಕೆಲಸವೇ. ಮಗು ತನ್ನ ಕೈಯನ್ನು ಗುರುತಿಸಿಕೊಳ್ಳುವುದು ಬಾಯಿಯಿಂದ. ಜೊಲ್ಲು ಜಾಸ್ತಿಯಾಗುವುದೂ ಇದೇ ಹೊತ್ತಿಗೆ.

ರಾತ್ರಿ ಏಳುವುದಕ್ಕೆ ಬೇರೆ ಕಾರಣ ಇದೆ. ನಾಲ್ಕನೇ ತಿಂಗಳ ಸುಮಾರಿಗೆ ನಿದ್ದೆಯ ರೀತಿಯೇ ಬದಲಾಗುತ್ತದೆ. ಗಾಢ ನಿದ್ದೆ, ತೆಳು ನಿದ್ದೆ ಅಂತ ಬೇರೆ ಬೇರೆ ಹಂತಗಳು ಮೂಡುತ್ತವೆ. ತೆಳು ಹಂತದಲ್ಲಿ ಮಗು ಎಚ್ಚರಗೊಳ್ಳುತ್ತದೆ. ಹೊಟ್ಟೆ ತುಂಬ ತಿಂದರೆ ನಿದ್ದೆ ಮಾಡುತ್ತದೆ ಎಂಬ ನಂಬಿಕೆಗೆ ಸ್ವಲ್ಪವೂ ಆಧಾರ ಇಲ್ಲ ಅಂತ ನಾನು ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ 1,300ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಗಿತ್ತು. ಬೇಗ ಊಟ ಶುರು ಮಾಡಿದ ಗುಂಪಿನ ಮಕ್ಕಳು 6 ತಿಂಗಳ ವಯಸ್ಸಿನಲ್ಲಿ ರಾತ್ರಿ ಜಾಸ್ತಿ ಮಲಗಿದ್ದರು. ಎಷ್ಟು ಜಾಸ್ತಿ? ಸುಮಾರು ಕಾಲು ಗಂಟೆ. ತಾಯಿಗೆ ಇದನ್ನು ಹೇಳಿದಾಗ ಮೊದಲ ಸಲ ಅವಳ ಮುಖದಲ್ಲಿ ನಗು ಕಂಡಿತು.

ಇನ್ನು ತೂಕ. ಕಾರ್ಡಿನಲ್ಲಿ ಹೀಗಿತ್ತು: ಹುಟ್ಟುವಾಗ 2.8, 6 ವಾರಕ್ಕೆ 4.1, 10 ವಾರಕ್ಕೆ 4.8, 14 ವಾರಕ್ಕೆ 5.3. ನಾವು ಆ ದಿನ ತೂಗಿದಾಗ 5.75. ಮೊದಲ 6 ವಾರದಲ್ಲಿ ವಾರಕ್ಕೆ 200 ಗ್ರಾಂಗಿಂತ ಜಾಸ್ತಿ ಏರಿದ ಮಗು ಈಗ ವಾರಕ್ಕೆ 110 ಗ್ರಾಂ ಆಸುಪಾಸು ಏರುತ್ತಿದೆ. ಬರೀ ಅಂಕಿ ನೋಡಿದರೆ ಅರ್ಧಕ್ಕೆ ಇಳಿದಿದೆ, ಗಾಬರಿಯಾಗುವುದು ಸಹಜ. ಆದರೆ ಎಲ್ಲ ಮಕ್ಕಳೂ ಮೂರು ತಿಂಗಳ ನಂತರ ನಿಧಾನವಾಗುತ್ತವೆ. ನೋಡಬೇಕಾದದ್ದು ಕಾರ್ಡಿನ ಹಿಂದಿರುವ ಬೆಳವಣಿಗೆಯ ಗೆರೆಗಳನ್ನು. ಇಂಥ ಎಷ್ಟೋ ಕಾರ್ಡುಗಳಲ್ಲಿ ಅಂಕಿ ಬರೆದಿರುತ್ತದೆ, ಚುಕ್ಕೆ ಇಟ್ಟಿರುವುದಿಲ್ಲ. ಇದರಲ್ಲೂ ಇಟ್ಟಿರಲಿಲ್ಲ. ಪೆನ್ನು ತೆಗೆದುಕೊಂಡು ಐದೂ ಚುಕ್ಕೆ ಇಟ್ಟೆ. ನಡುಗೆರೆಗಿಂತ ಕೆಳಗಿನ ಒಂದು ಗೆರೆಯ ಮೇಲೆ ಐದೂ ಸಾಲಾಗಿ ಕೂತವು. ಹುಟ್ಟಿದ ದಿನ ಎಲ್ಲಿತ್ತೋ ಅಲ್ಲೇ ಇದೆ ಮಗು. ಸಣ್ಣ ಮಗು, ಸರಿಯಾಗಿ ಬೆಳೆಯುತ್ತಿರುವ ಮಗು. ದಿನಕ್ಕೆ ಏಳೆಂಟು ಸಲ ಮೂತ್ರ ಮಾಡುತ್ತದೆ, ಚುರುಕಾಗಿದೆ. ಮಕ್ಕಳ ಡಾಕ್ಟರಿಗೂ ತೋರಿಸಿಯಾಗಿತ್ತು, ಅವರಿಗೂ ಬೇರೆ ಏನೂ ಕಂಡಿರಲಿಲ್ಲ.

ಗೆರೆ ದಾಟಿ ಕೆಳಗಿಳಿದಿದ್ದರೂ ನಾನು ಮೊದಲು ನೋಡುತ್ತಿದ್ದದ್ದು ಹಾಲು ಕುಡಿಯುವ ರೀತಿಯನ್ನೇ. ಗಂಜಿ ತಿಳಿಗಿಂತ ಎದೆಹಾಲಿನಲ್ಲಿ ಶಕ್ತಿ ಎಷ್ಟೋ ಪಟ್ಟು ಜಾಸ್ತಿ. ತೂಕ ಕಡಿಮೆ ಅಂತ ಹಾಲಿನ ಜಾಗಕ್ಕೆ ತಿಳಿ ತುಂಬಿಸಿದರೆ ಮಗು ಇನ್ನೂ ಇಳಿಯುತ್ತದೆ.

ಮಡಿಲಲ್ಲಿ ಕೂರಿಸಿ ನೋಡಿದ್ದು

ಮಾತು ಸಾಕು, ಮಗುವನ್ನೇ ನೋಡುವ ಅಂದೆ. ಅಜ್ಜಿಯ ಮಡಿಲಲ್ಲಿ ನನ್ನ ಕಡೆ ಮುಖ ಮಾಡಿ ಕೂರಿಸಿ, ಸೊಂಟ ಮಾತ್ರ ಹಿಡಿಯಲು ಹೇಳಿದೆ. ಎದೆ, ಬೆನ್ನು ಹಿಡಿಯಬಾರದು. ಎರಡು ನಿಮಿಷ ಕತ್ತು ನೆಟ್ಟಗೆ ನಿಂತಿತು. ಆಮೇಲೆ ತಲೆ ಮುಂದಕ್ಕೆ ವಾಲತೊಡಗಿತು. ಮೈ ಬಲಕ್ಕೆ ಜಾರಿತು. ಎರಡೂ ಕೈ ಅಜ್ಜಿಯ ಮೊಣಕಾಲಿಗೆ ಊರಿಕೊಂಡಿತು. ತನ್ನನ್ನು ತಾನು ಎತ್ತಿ ಹಿಡಿಯುವುದರಲ್ಲೇ ಅದರ ಬಲವೆಲ್ಲ ಖರ್ಚಾಗುತ್ತಿತ್ತು. ಈ ಸ್ಥಿತಿಯಲ್ಲಿ ಬಾಯಿಗೆ ಗಟ್ಟಿ ಏನಾದರೂ ಹೋದರೆ ನುಂಗುವ ದಾರಿ ನೇರ ಇರುವುದಿಲ್ಲ. ಮಗುವನ್ನು ಮಲಗಿಸಿ, ಕಾಲ ಮೇಲೆ ಹಾಕಿಕೊಂಡು ತಿನ್ನಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಕೂರಲು ಬರದ ಮಗುವಿಗೆ ಊಟ ಕೊಡಲು ಹೊರಟಾಗ ಉಳಿಯುವ ದಾರಿ ಅದೊಂದೇ ಅಲ್ವಾ.

ನಂತರ ಚಮಚ. ತಾಯಿ ಹಿಂಡಿಕೊಟ್ಟ ಹಾಲಿನ ನಾಲ್ಕು ಹನಿ ಸಣ್ಣ ಸ್ಟೀಲ್ ಚಮಚದಲ್ಲಿ. ಹಾಲೇ ಏಕೆಂದರೆ ರುಚಿ ಹೊಸದಾಗಬಾರದು, ಚಮಚ ಮಾತ್ರ ಹೊಸದಾಗಬೇಕು. ಚಮಚದ ತುದಿಯನ್ನು ಕೆಳತುಟಿಗೆ ಮುಟ್ಟಿಸಿದೆ. ಬಾಯಿ ತೆರೆಯಿತು. ಅಜ್ಜಿ "ಕಂಡ್ರಾ!" ಅಂದರು. ಅಷ್ಟರಲ್ಲಿ ನಾಲಿಗೆ ಹೊರಗೆ ಬಂತು, ಚಮಚವನ್ನು ತಳ್ಳಿತು, ಹಾಲು ಗಲ್ಲದ ಮೇಲಿಂದ ಇಳಿದು ಅಂಗಿಯ ಕೊರಳು ಒದ್ದೆಯಾಯಿತು. ಅಜ್ಜಿ ಸೆರಗಿನಲ್ಲಿ ಒರೆಸಿದರು. ಸ್ವಲ್ಪ ಹೊತ್ತು ಬಿಟ್ಟು ಪುನಃ ಮುಟ್ಟಿಸಿದೆ. ಪುನಃ ತಳ್ಳಿತು. ಈ ಸಲ ಚಮಚದ ಮೇಲೆ ನಾಲಿಗೆಯ ಒತ್ತಡ ನನ್ನ ಬೆರಳಿಗೇ ಗೊತ್ತಾಯಿತು.

ಇದು ಹಟ ಅಲ್ಲ, ಬೇಡ ಅನ್ನುವುದೂ ಅಲ್ಲ. ಮೊಲೆ ಚೀಪಲು ನಾಲಿಗೆ ಮುಂದಕ್ಕೆ ಬರಲೇಬೇಕು. ಗಟ್ಟಿ ಪದಾರ್ಥ ಬಾಯಿಗೆ ಬಂದರೆ ಹೊರಗೆ ತಳ್ಳುವುದೂ ಹುಟ್ಟಿನಿಂದ ಬಂದ ಕಾವಲು. ಸಾಮಾನ್ಯವಾಗಿ 4ರಿಂದ 6 ತಿಂಗಳ ನಡುವೆ ಇದು ಮಾಯವಾಗುತ್ತದೆ. ಆಗ ನಾಲಿಗೆ ಊಟವನ್ನು ಹಿಂದಕ್ಕೆ ದಾಟಿಸಲು ಕಲಿಯುತ್ತದೆ. ಅದು ಬರುವ ಮೊದಲು ತಿನ್ನಿಸಬೇಕಾದರೆ ಚಮಚವನ್ನು ಗಂಟಲ ಹತ್ತಿರ ಸುರಿಯಬೇಕು. ಹಾಗೆ ಸುರಿಯುವವರೂ ಇದ್ದಾರೆ. ಆಗ ಮಗು ನುಂಗುತ್ತದೆ ನಿಜ, ತಿನ್ನುವುದಿಲ್ಲ.

ನಾನು ನೋಡುವುದು ಮೂರನ್ನೇ. ಸೊಂಟ ಹಿಡಿದರೆ ಕೂತು ತಲೆಯನ್ನು ನೆಟ್ಟಗೆ ಇಡುತ್ತದಾ? ವಸ್ತುವನ್ನು ನೋಡಿ, ಕೈ ಚಾಚಿ, ಹಿಡಿದು, ಗುರಿ ತಪ್ಪದೆ ಬಾಯಿಗೆ ತರುತ್ತದಾ? ಚಮಚ ಮುಟ್ಟಿಸಿದರೆ ನಾಲಿಗೆ ಒಳಗೆ ಎಳೆದುಕೊಳ್ಳುತ್ತದಾ? ಮೂರೂ ಒಟ್ಟಿಗೆ ಬೇಕು. ಒಂದು ಇದ್ದು ಎರಡು ಇಲ್ಲದಿದ್ದರೆ ಕಾಯಬೇಕು. ಆ ದಿನ ಒಂದೂ ಪೂರ್ತಿ ಇರಲಿಲ್ಲ.

ಡಬ್ಬದ ಮೇಲಿನ 4

ಆಗ ತಾಯಿ ಚೀಲದಿಂದ ಡಬ್ಬ ತೆಗೆದಳು. ತಂದೆ ಪರಿಚಯದವರ ಕೈಯಲ್ಲಿ ಕಳಿಸಿದ್ದು. ಯುರೋಪಿನಲ್ಲಿ ತಯಾರಾದ ಅಕ್ಕಿ ಪುಡಿ. ನಾಲ್ಕು ತಿಂಗಳಿನಿಂದ ಕೊಡಬಹುದು ಎಂದು ದೊಡ್ಡದಾಗಿ ಬರೆದಿತ್ತು. "ಇವ್ರು ವೀಡಿಯೋ ಕಾಲಲ್ಲಿ ದಿನಾ ಕೇಳ್ತಾರೆ, ಕಂಪೆನಿಯವರಿಗೆ ಗೊತ್ತಿಲ್ವಾ ಅಂತ."

ಇದಕ್ಕೆ ನೇರ ಉತ್ತರ ಕೊಡಬೇಕು. ಎಲ್ಲ ಕಡೆ ಒಂದೇ ಮಾತಿಲ್ಲ. ಯುರೋಪಿನ ಮಕ್ಕಳ ವೈದ್ಯರ ಸಂಘ 4 ತಿಂಗಳಿಗೆ ಮೊದಲು ಬೇಡ, 6 ತಿಂಗಳು ದಾಟಿಸುವುದೂ ಬೇಡ ಅನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 6 ತಿಂಗಳವರೆಗೆ ಎದೆಹಾಲು ಮಾತ್ರ ಅನ್ನುತ್ತದೆ, 2001ರಿಂದ ಇದೇ ಅದರ ನಿಲುವು. ಭಾರತದ ಮಕ್ಕಳ ವೈದ್ಯರ ಸಂಘದ ಮಾತೂ ಅದೇ: 180 ದಿನ ತುಂಬಿದ ಮೇಲೆ. ನಮ್ಮ ಕಡೆ ಇದಕ್ಕೆ ಗಟ್ಟಿ ಕಾರಣ ಇದೆ. ಊಟ ಬಂತೆಂದರೆ ನೀರು ಬರುತ್ತದೆ, ಬಟ್ಟಲು ಬರುತ್ತದೆ, ಕೈ ಬರುತ್ತದೆ. ಜೂನ್ ತಿಂಗಳ ಮಳೆಯಲ್ಲಿ ಬಾವಿ ನೀರು ಕದಡುವ ಊರು ನಮ್ಮದು. ಭೇದಿ ಹಿಡಿದರೆ ನಾಲ್ಕು ತಿಂಗಳ ಮಗು ಬಹಳ ಬೇಗ ಸೋಲುತ್ತದೆ. ಇನ್ನು ಕಂಪೆನಿಗೆ ಗೊತ್ತಿಲ್ಲವೇ ಅಂದರೆ, ಎರಡು ವರ್ಷದೊಳಗಿನ ಮಕ್ಕಳ ಆಹಾರದ ಡಬ್ಬಗಳಿಗೆ ಜಾಹೀರಾತು ಮಾಡುವುದನ್ನೇ ನಮ್ಮ ದೇಶದಲ್ಲಿ ಕಾನೂನು ತಡೆದಿದೆ. 1992ರ ಕಾಯ್ದೆ, 2003ರಲ್ಲಿ ಬಿಗಿ ಮಾಡಿದ್ದು. ಅಂಥ ಕಾನೂನು ಯಾಕೆ ಬೇಕಾಯಿತು ಎಂದು ನಿಮ್ಮ ಯಜಮಾನರನ್ನು ಕೇಳಿ ಅಂದೆ.

ತಾಯಿಯ ನಿಜವಾದ ಚಿಂತೆ ಬೇರೆ ಇತ್ತು. ಅದು ಹೊರಬಂದದ್ದು ಅಜ್ಜಿ ಮಗುವನ್ನು ಎತ್ತಿಕೊಂಡು ಹೊರಗೆ ಹೋದ ಮೇಲೆ.

2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರ ಆಗಿದೆ. 26 ವಾರ ಅಂದರೆ ಆರು ತಿಂಗಳು, ಸರಿಯಾಗಿ ಕೂತಿತು ಅನಿಸುತ್ತದೆ. ಆದರೆ ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಇವಳಿಗೆ ಕೊನೆಯ ತಿಂಗಳುಗಳಲ್ಲಿ ಕಾಲು ಬಾತು, ಬಿಪಿ ಏರಿ, 7 ವಾರ ಮೊದಲೇ ರಜೆ ಹಾಕಬೇಕಾಯಿತು. ಉಳಿದದ್ದು 19. ಜೂನ್ ಮೊದಲಲ್ಲಿ ಕೆಲಸಕ್ಕೆ ಹೋಗಲೇಬೇಕು. ಬೆಳಿಗ್ಗೆ ಬಸ್ ಹತ್ತಿದರೆ ಸಂಜೆ ಮನೆ. ಆ ಒಂಬತ್ತು ಹತ್ತು ಗಂಟೆ ಮಗುವಿಗೆ ಏನು? "ಅಮ್ಮನಿಗೆ ಗಂಜಿ ಕೊಡುವ ಅನ್ನುವ ಆತುರ ಅದಕ್ಕೇ ಮೇಡಂ. ನಾನೇ ಬೇಡ ಅಂದ್ರೆ ಮತ್ತೆ ಎಂತ ಕೊಡ್ಲಿಕ್ಕುಂಟು?"

ಊಟದ ಪ್ರಶ್ನೆ ಹಾಲು ಹಿಂಡುವ ಪ್ರಶ್ನೆಯಾಗಿ ಬದಲಾದದ್ದು ಇಲ್ಲಿ. ಈ ವಯಸ್ಸಿನ ಮಗು ದಿನಕ್ಕೆ ಸರಾಸರಿ 750 ಮಿಲಿಲೀಟರ್ ಹಾಲು ಕುಡಿಯುತ್ತದೆ. ಅಷ್ಟು ಗಂಟೆಗೆ ಸುಮಾರು 300 ಬೇಕು, ಮೂರು ಸಲಕ್ಕೆ. ಬೆಳಿಗ್ಗೆ ಹೊರಡುವ ಮೊದಲು ಒಮ್ಮೆ, ಕಚೇರಿಯಲ್ಲಿ ಎರಡು ಸಲ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ವಿರಾಮ ಕೊಡಬೇಕೆಂದು ಕಾನೂನಿನಲ್ಲೇ ಇದೆ. ಅದನ್ನು ಕೇಳಲು ಹೆಚ್ಚಿನವರು ಹಿಂಜರಿಯುತ್ತಾರೆ. ಇವಳು ಪತ್ರ ಬರೆದು ಕೇಳಿದಳು. ಕಡತಗಳ ಕೋಣೆಯ ಬೀಗದ ಕೈ ಸಿಕ್ಕಿತು. ಹಿಂಡಿದ ಹಾಲು ಹೊರಗಿಟ್ಟರೆ ನಾಲ್ಕು ಗಂಟೆ ಇರುತ್ತದೆ ಎಂದು ಎಲ್ಲ ಕಡೆ ಬರೆದಿರುತ್ತದೆ. ಅದು 25 ಡಿಗ್ರಿಯ ಲೆಕ್ಕ. ಮಂಗಳೂರಿನ ಸೆಖೆಗೆ ಅದನ್ನು ನಂಬಬಾರದು, ಹಿಂಡಿದ ಕೂಡಲೇ ಫ್ರಿಜ್, ಬಸ್ಸಿನಲ್ಲಿ ಐಸ್ ಇಟ್ಟ ಚೀಲ. ಕುಡಿಸಲು ಬಾಟಲಿ ಬೇಡ, ಒಳಲೆ ಸಾಕು. ಒಳಲೆ ಅಂದ ಕೂಡಲೇ ಅಜ್ಜಿಯ ಮುಖ ಅರಳಿತು. ಮಗಳಿಗೆ ಕುಡಿಸಿದ ಬೆಳ್ಳಿಯ ಒಳಲೆ ಮನೆಯಲ್ಲಿ ಇತ್ತಂತೆ.

ಆಟಿ ಅಡ್ಡ ಬಂತು

ಅಜ್ಜಿಯ ಆತುರಕ್ಕೆ ಇನ್ನೊಂದು ಕಾರಣ ಇತ್ತು, ಅದನ್ನು ಅವರು ಕೊನೆಗೆ ಹೇಳಿದರು. ಹೆಣ್ಣು ಮಗುವಿಗೆ ಅನ್ನಪ್ರಾಶನ ಬೆಸ ತಿಂಗಳಲ್ಲಿ: ಐದು, ಏಳು, ಒಂಬತ್ತು. ಗಂಡಾದರೆ ಆರು, ಎಂಟು. ನಡೆಯುತ್ತಿದ್ದದ್ದು ಐದನೇ ತಿಂಗಳು. ನಾವು ಹೇಳುವ ಆರು ತಿಂಗಳು ತುಂಬಿದ ಲೆಕ್ಕ ಅವರ ಎಣಿಕೆಯಲ್ಲಿ ಏಳು ನಡೆಯುವ ಹೊತ್ತು. ಸಾಮಾನ್ಯವಾಗಿ ಇದೊಂದು ಅನುಕೂಲ. ಏಳರಲ್ಲಿ ಮಾಡಿ ಅಂದರೆ ಶಾಸ್ತ್ರವೂ ಆಯಿತು, 180 ದಿನವೂ ಆಯಿತು. ಎಷ್ಟೋ ಮನೆಗಳಲ್ಲಿ ಹೀಗೇ ಬಗೆಹರಿದಿದೆ. ಕಟೀಲಿಗೋ ಕೊಲ್ಲೂರಿಗೋ ಹೊರನಾಡಿಗೋ ಹೋಗಿ ಬರುತ್ತಾರೆ.

ಈ ಮಗುವಿಗೆ ಏಳು ನಡೆಯುವುದು ಜುಲೈ ಮೂರನೇ ವಾರದಿಂದ ಆಗಸ್ಟ್ ಮಧ್ಯದವರೆಗೆ. ಇಡೀ ಆಟಿ ತಿಂಗಳು. ತುಳುನಾಡಿನಲ್ಲಿ ಆಟಿಯಲ್ಲಿ ಶುಭಕಾರ್ಯ ಇಲ್ಲ. ಎಂಟನೆಯದು ಸಮ ಸಂಖ್ಯೆ. ಉಳಿದದ್ದು ಒಂಬತ್ತು, ಅಂದರೆ ಸೆಪ್ಟೆಂಬರ್ ಮೂರನೇ ವಾರದ ನಂತರ. "ಅಷ್ಟು ದಿನ ಉಪವಾಸ ಹಾಕ್ಲಿಕ್ಕೆ ಆಗ್ತದಾ? ಹಾಗಾಗಿ ಈಗಲೇ ಮುಗಿಸುವ ಅಂತ."

ಅವರ ಲೆಕ್ಕ ಪೂರ್ತಿ ಸರಿ ಇತ್ತು. ಒಂಬತ್ತನೆಯದರವರೆಗೆ ಕಾಯಬಾರದು ಎನ್ನುವುದು ನನ್ನ ಮಾತೂ ಹೌದು. ತಡ ಮಾಡುವುದು ಬೇಗ ಕೊಡುವಷ್ಟೇ ಕೆಟ್ಟದ್ದು. ಮಗು ಹುಟ್ಟುವಾಗ ಮೈಯಲ್ಲಿ ತಂದ ಕಬ್ಬಿಣದ ದಾಸ್ತಾನು ಆರು ತಿಂಗಳ ಹೊತ್ತಿಗೆ ಬರಿದಾಗುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಬಹಳ ಕಡಿಮೆ. ಇರುವಷ್ಟು ಚೆನ್ನಾಗಿ ಮೈಗೆ ಹತ್ತುತ್ತದೆ, ಆದರೆ ಸಾಲುವುದಿಲ್ಲ. ಶಕ್ತಿಯೂ ಅಷ್ಟೇ: 6ರಿಂದ 8 ತಿಂಗಳ ಮಗುವಿಗೆ ಎದೆಹಾಲಿನ ಜೊತೆ ದಿನಕ್ಕೆ ಸುಮಾರು 200 ಕ್ಯಾಲೊರಿ ಊಟದಿಂದ ಬರಬೇಕು.

ದಾರಿ ಹುಡುಕಿದ್ದು ನಾನಲ್ಲ. ಅಜ್ಜಿ ಮನೆಗೆ ಹೋಗಿ ಭಟ್ರಿಗೆ ಫೋನ್ ಮಾಡಿದ್ದಾರೆ. ಮರುದಿನ ನನಗೆ ಹೇಳಿದರು: "ಅನ್ನಪ್ರಾಶನ ಅಂದ್ರೆ ಅನ್ನದ್ದು ಅಲ್ವಾ? ಅನ್ನ ಒಂಬತ್ತಕ್ಕೆ ಕೊಡುವ. ರಾಗಿ, ಬೇಳೆ, ತರಕಾರಿಗೆ ಆಟಿಯ ಅಡ್ಡಿ ಇಲ್ಲ ಅಂದ್ರು ಭಟ್ರು."

ನನಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಬೇಕಿರಲಿಲ್ಲ. ಕರಾವಳಿಯ ಮಕ್ಕಳ ಮೊದಲ ಊಟ ಹೆಚ್ಚಾಗಿ ಕುಚ್ಚಲಕ್ಕಿ ಗಂಜಿಯ ತಿಳಿ. ಅದರಲ್ಲಿ ನೀರು ಬಿಟ್ಟರೆ ಸ್ವಲ್ಪ ಪಿಷ್ಟ. ಆ ತಿಳಿಯಿಂದ ಮನೆಯವರನ್ನು ಬಿಡಿಸುವುದು ನನ್ನ ಕೆಲಸದಲ್ಲಿ ಅತಿ ಕಷ್ಟದ ಭಾಗ. ಇಲ್ಲಿ ಪಂಚಾಂಗವೇ ಅದನ್ನು ಎರಡು ತಿಂಗಳು ಬದಿಗೆ ಸರಿಸಿಬಿಟ್ಟಿತು.

ಕಾದ ವಾರಗಳು

ಸಲೀಸಾಗಿ ಏನೂ ಹೋಗಲಿಲ್ಲ. ಜೂನ್ ಮಧ್ಯದಲ್ಲಿ ಒಂದು ದಿನ ಮಳೆಗೆ ಬಸ್ ಸಿಕ್ಕಿಹಾಕಿಕೊಂಡು ತಾಯಿ ಬರುವುದು ತಡವಾಯಿತು. ಫ್ರಿಜ್ಜಿನ ಹಾಲು ಮುಗಿದಿತ್ತು. ಅಜ್ಜಿ ಸಕ್ಕರೆ ನೀರು ಒಳಲೆಯಲ್ಲಿ ಕುಡಿಸಿದ್ದಾರೆ. ಏನೂ ಆಗಲಿಲ್ಲ. ಹೀಗೆ ಏನೂ ಆಗದಿರುವುದರಿಂದಲೇ ಇಂಥ ಅಭ್ಯಾಸ ಹೋಗುವುದಿಲ್ಲ. ಬೈಯುವುದರಲ್ಲಿ ಅರ್ಥ ಇರಲಿಲ್ಲ. ಫ್ರೀಜರಿನಲ್ಲಿ ದಿನಾಂಕ ಬರೆದು ಎರಡು ಡಬ್ಬಿ ಹಾಲು ಹೆಚ್ಚುವರಿ ಇಡಲು ಹೇಳಿದೆ. ಸೆಖೆಗೆ ನೀರು ಬೇಡವೇ ಎಂಬ ಪ್ರಶ್ನೆಯೂ ಆಗಲೇ ಬಂತು. ಎದೆಹಾಲಿನಲ್ಲಿ ನೂರಕ್ಕೆ 88 ಪಾಲು ನೀರೇ. ಆರು ತಿಂಗಳವರೆಗೆ ಬೇರೆ ನೀರು ಬೇಡ.

ಜುಲೈ ಎರಡನೇ ವಾರ ಪುನಃ ನೋಡಿದೆ. ಅದೇ ಮಡಿಲು, ಸೊಂಟಕ್ಕೆ ಮಾತ್ರ ಕೈ. ತಲೆ ಗಟ್ಟಿಯಾಗಿ ನಿಂತಿತ್ತು. ಎಡಕ್ಕೆ ಕರೆದರೆ ಎಡಕ್ಕೆ ತಿರುಗುತ್ತಿತ್ತು, ಮೈ ಜಾರುತ್ತಿರಲಿಲ್ಲ. ಮೇಜಿನ ಮೇಲಿದ್ದ ಚಮಚಕ್ಕೆ ತಾನೇ ಕೈ ಹಾಕಿ, ಹಿಡಿದು, ಬಾಯಿಗಿಟ್ಟಿತು. ಇನ್ನೊಂದು ಚಮಚದಲ್ಲಿ ಹಾಲಿನ ಹನಿ ಇಟ್ಟು ತುಟಿಗೆ ತಂದೆ. ಮೇಲ್ತುಟಿ ಕೆಳಗಿಳಿದು ಚಮಚವನ್ನು ಒರೆಸಿಕೊಂಡಿತು. ನಾಲಿಗೆ ಹೊರಗೆ ಬರಲಿಲ್ಲ. ಏಳು ವಾರದ ಹಿಂದೆ ಒದ್ದೆಯಾದ ಅಂಗಿಯ ಕೊರಳು ಈ ಸಲ ಒಣಗೇ ಇತ್ತು. ಒಂದು ವಾರ ಬಿಟ್ಟು ಶುರು ಮಾಡಿ ಅಂದೆ. ತೂಕ 6.5ರ ಹತ್ತಿರ ಬಂದಿತ್ತು, ಅದೇ ಗೆರೆ.

ಮೊದಲ ಊಟ ರಾಗಿ. ಅಜ್ಜಿ ರಾಗಿ ಮಣ್ಣಿ ಮಾಡಲು ಹೊರಟಿದ್ದರು: ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ, ಹಾಲು ತೆಗೆದು, ತೆಂಗಿನ ಹಾಲು ಬೆಲ್ಲ ಹಾಕಿ ಕಾಯಿಸುವುದು. ರುಚಿಗೆ ಅದಕ್ಕೆ ಸಾಟಿ ಇಲ್ಲ. ಆದರೆ ಬಟ್ಟೆಯಲ್ಲಿ ಉಳಿದುಹೋಗುವ ಚರಟದ ಜೊತೆ ಕಬ್ಬಿಣದ ಪಾಲೂ ಹೋಗುತ್ತದೆ. ಮೊಳಕೆ ಬರಿಸಿ, ಒಣಗಿಸಿ, ಹುರಿದು ಹುಡಿ ಮಾಡಿದರೆ ಎರಡು ಲಾಭ. ಕಬ್ಬಿಣ ಮೈಗೆ ಹತ್ತುವುದನ್ನು ತಡೆಯುವ ಅಂಶ ಮೊಳಕೆಯಲ್ಲಿ ಕಡಿಮೆಯಾಗುತ್ತದೆ. ಮೊಳಕೆ ಹುಡಿ ಅಷ್ಟಾಗಿ ಅಂಟಿ ಗಟ್ಟಿಯಾಗುವುದಿಲ್ಲ. ಹಾಗಾಗಿ ಅದೇ ಬಟ್ಟಲಿನಲ್ಲಿ ಜಾಸ್ತಿ ಹುಡಿ ಹಿಡಿಸಬಹುದು. ಮಗುವಿನ ಹೊಟ್ಟೆ ಸಣ್ಣದು, ಕಿಲೋ ತೂಕಕ್ಕೆ 30 ಮಿಲಿಲೀಟರ್ ಲೆಕ್ಕ. ಈ ಮಗುವಿಗೆ 200ಕ್ಕಿಂತ ಕಡಿಮೆ. ಅದನ್ನು ನೀರಿನಿಂದ ತುಂಬಿಸಬಾರದು. ಚಮಚ ಓರೆ ಮಾಡಿದರೆ ತಟಕ್ಕನೆ ಸುರಿದುಹೋಗದೆ ನಿಲ್ಲುವಷ್ಟು ದಪ್ಪ ಇರಬೇಕು. ಬೆಲ್ಲ, ಉಪ್ಪು ಒಂದು ವರ್ಷದವರೆಗೆ ಬೇಡ. ಜೇನು ಖಂಡಿತ ಬೇಡ. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ವರ್ಷದೊಳಗಿನ ಮಕ್ಕಳಿಗೆ ನರ ದುರ್ಬಲವಾಗುವ ಕಾಯಿಲೆ ಬರಬಹುದು. ಅಜ್ಜಿ ಬೆಲ್ಲದ ವಿಷಯಕ್ಕೆ ಒಪ್ಪಿದಂತೆ ಕಂಡಿತು. ಮನೆಯಲ್ಲಿ ಎಷ್ಟು ಪಾಲಿಸಿದರೋ, ನಾನು ಕೆದಕಲಿಲ್ಲ.

ಮೊದಲ ದಿನ ಎರಡು ಚಮಚ, ಬೆಳಿಗ್ಗೆ, ತಾಯಿ ಹಾಲು ಕೊಟ್ಟ ಸ್ವಲ್ಪ ಹೊತ್ತಿನ ಮೇಲೆ. ಅರ್ಧ ಹೊರಗೆ, ಅರ್ಧ ಒಳಗೆ. ಮೂರನೇ ದಿನ ಮಗು ಓಕರಿಸಿತು, ಅಜ್ಜಿ ಹೆದರಿ ಫೋನ್ ಮಾಡಿದರು. ಮುಖ ಕೆಂಪಾಯಿತಾ, ಕೆಮ್ಮಿತಾ, ಸದ್ದು ಬಂತಾ ಎಂದು ಕೇಳಿದೆ. ಎಲ್ಲ ಹೌದು. ಅದು ಗಂಟಲು ತನ್ನನ್ನು ಕಾಪಾಡಿಕೊಳ್ಳುವ ರೀತಿ. ಹೆದರಬೇಕಾದದ್ದು ಸದ್ದೇ ಬರದೆ, ಕೆಮ್ಮಲಾಗದೆ, ತುಟಿ ನೀಲಿಯಾದಾಗ. ಅದಕ್ಕೇ ಇಡೀ ನೆಲಕಡಲೆ, ದ್ರಾಕ್ಷಿ, ಕಾಯಿ ಹೋಳು ಕೈಗೆ ಸಿಗಬಾರದು.

ನಂತರದ ವಾರಗಳಲ್ಲಿ ಹೆಸರುಬೇಳೆ ಬಂತು, ತುಪ್ಪ ಬಂತು, ಚೀನಿಕಾಯಿ, ಬಸಳೆ, ಪುಟ್ಟಬಾಳೆ. ಬೇಳೆಗೆ ಎರಡು ಹನಿ ಲಿಂಬೆ, ಕಬ್ಬಿಣ ಹೀರಲು ಅದು ಸಹಾಯ ಮಾಡುತ್ತದೆ. ಆಗಸ್ಟ್ ಮೊದಲ ವಾರ ಮೊಟ್ಟೆ. ನೆಲಕಡಲೆ ನುಣ್ಣಗೆ ಹುಡಿ ಮಾಡಿ ರಾಗಿಗೆ ಬೆರೆಸಿದರು. ಅಲರ್ಜಿ ಆದೀತೆಂದು ಇವನ್ನು ತಡ ಮಾಡುವ ಹಳೆಯ ಸಲಹೆ ಈಗ ಬದಲಾಗಿದೆ. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಅಲರ್ಜಿಯ ಅಪಾಯ ಜಾಸ್ತಿ ಇದ್ದ ಮಕ್ಕಳಿಗೆ ಒಂದು ವರ್ಷದೊಳಗೇ ನೆಲಕಡಲೆ ಕೊಟ್ಟಾಗ ಅದರ ಅಲರ್ಜಿ ಐದರಲ್ಲಿ ನಾಲ್ಕು ಪಾಲು ಕಡಿಮೆಯಾಗಿತ್ತು. ಮೈಯಲ್ಲಿ ತೀವ್ರ ಇಸುಬು ಇರುವ ಮಗುವಾದರೆ ಮೊದಲು ಡಾಕ್ಟರನ್ನು ಕೇಳಬೇಕು. ಇವಳಿಗೆ ಇರಲಿಲ್ಲ. ಮೀನಿಗೆ ಸ್ವಲ್ಪ ಕಾಯಬೇಕಾಯಿತು. ಜೂನ್, ಜುಲೈ ಯಾಂತ್ರಿಕ ದೋಣಿಗಳಿಗೆ ಕಡಲಿಗಿಳಿಯಲು ನಿಷೇಧ, ಮಾರುಕಟ್ಟೆಯಲ್ಲಿದ್ದದ್ದೆಲ್ಲ ಐಸಿನ ಮೀನು. ಆಗಸ್ಟಿನಲ್ಲಿ ತಾಜಾ ಕಾಣೆ ಬಂದ ಮೇಲೆ ಇಡ್ಲಿ ಪಾತ್ರೆಯಲ್ಲಿ ಬೇಯಿಸಿ, ಮುಳ್ಳು ಬಿಡಿಸಿ, ಬೆರಳಲ್ಲಿ ಹಿಸುಕಿ ಕೊಟ್ಟರು. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಸಲ, ಒಂದು ಮಿಲಿಲೀಟರ್.

ಅನ್ನ ತಿಂದದ್ದು ಸೆಪ್ಟೆಂಬರ್ ಕೊನೆಗೆ, ಊರಿನ ದೇವಸ್ಥಾನದಲ್ಲಿ. ತಂದೆ ರಜೆಯಲ್ಲಿ ಬಂದಿದ್ದರು. ಅಷ್ಟರಲ್ಲಿ ಚಮಚ ಕಂಡರೆ ಮುಂದಕ್ಕೆ ಬಗ್ಗುವ ಮಗು, ಪಾಯಸವನ್ನು ಮಾತ್ರ ಮುಖ ಕಿವುಚಿ ಉಗುಳಿತಂತೆ.

ಅಕ್ಟೋಬರಿನಲ್ಲಿ 9 ತಿಂಗಳ ದಡಾರದ ಚುಚ್ಚುಮದ್ದಿನ ಹೊತ್ತಿಗೆ ತೂಕ 7.3. ಅಜ್ಜಿಗೆ ಸ್ವಲ್ಪ ಬೇಸರ. ಇಷ್ಟೆಲ್ಲ ತಿಂದ ಮೇಲೆ ಗೆರೆ ಹತ್ತಿ ಮೇಲೆ ಹೋಗಬೇಕಿತ್ತು ಎಂಬ ಆಸೆ. ಮಗು ತನ್ನ ಗೆರೆಯಲ್ಲೇ ಇದೆ. ತಾಯಿಯೂ ಸಣ್ಣ ಮೈಕಟ್ಟಿನವಳು.

ಈ ಪ್ರಕರಣ ಕೇಳಿದವರು ಒಂದು ಪ್ರಶ್ನೆ ಕೇಳುತ್ತಾರೆ. ಮೂರೂ ಲಕ್ಷಣ ಐದು ತಿಂಗಳಿಗೇ ಕಂಡಿದ್ದರೆ ಶುರು ಮಾಡಲು ಹೇಳುತ್ತಿದ್ದಿರಾ? ಹಾಲು ಸಾಕಷ್ಟು ಇದ್ದು, ತೂಕ ಗೆರೆಯಲ್ಲಿದ್ದರೆ ಇಲ್ಲ. ಲಕ್ಷಣ ಕಂಡ ಮಾತ್ರಕ್ಕೆ 180 ದಿನದ ಮಾತು ಹೋಗುವುದಿಲ್ಲ. ಅದೇ 180 ದಿನ ತುಂಬಿ, ಇನ್ನೂ ಒಂದೆರಡು ವಾರ ಬಿಟ್ಟರೂ ತಲೆ ನಿಲ್ಲದಿದ್ದರೆ ಸುಮ್ನೆ ಕಾಯುತ್ತಲೂ ಕೂರುವುದಿಲ್ಲ, ಮಕ್ಕಳ ಡಾಕ್ಟರ ಬಳಿ ಕಳಿಸುತ್ತೇನೆ. ತಿಂಗಳು ತುಂಬದೆ, 34 ವಾರಕ್ಕಿಂತ ಮೊದಲು ಹುಟ್ಟಿದ ಮಕ್ಕಳಿಗೆ ಲೆಕ್ಕವೇ ಬೇರೆ, ಅವಕ್ಕೆ ಹುಟ್ಟಬೇಕಿದ್ದ ದಿನದಿಂದ ಎಣಿಸಬೇಕು. 2017ರಲ್ಲಿ ನಮ್ಮ ದೇಶದಲ್ಲೇ ಇಂಥ ಮಕ್ಕಳ ಮೇಲೆ ನಡೆದ ಅಧ್ಯಯನದ ಫಲಿತಾಂಶ ಬಂತು. ಆ ಲೆಕ್ಕದಲ್ಲಿ 4 ತಿಂಗಳಿಗೆ ಊಟ ಶುರು ಮಾಡಿದವರ ತೂಕ 6ಕ್ಕೆ ಶುರು ಮಾಡಿದವರಿಗಿಂತ ಹೆಚ್ಚಾಗಲಿಲ್ಲ, ಆಸ್ಪತ್ರೆ ಸೇರಿದ್ದು ಮಾತ್ರ ಜಾಸ್ತಿ.

ಈಗ ಈ ಮನೆಯಲ್ಲಿ ನಡೆಯುತ್ತಿರುವ ಜಗಳ ಮಿಕ್ಸಿಯದ್ದು. ಅಜ್ಜಿ ಎಲ್ಲವನ್ನೂ ನುಣ್ಣಗೆ ಮಾಡುತ್ತಾರೆ. ಒಂಬತ್ತು ತಿಂಗಳಿಗೆ ಸಣ್ಣ ಸಣ್ಣ ಗಟ್ಟಿಗಳು ಬಾಯಿಗೆ ಸಿಗದಿದ್ದರೆ ಮುಂದೆ ಅಗಿಯುವುದನ್ನು ಕಲಿಸುವುದು ಕಷ್ಟವಾಗುತ್ತದೆ. ಮಿಕ್ಸಿಯನ್ನು ಅಟ್ಟಕ್ಕೆ ಹಾಕಿ, ಚಮಚದ ಹಿಂಬದಿಯಲ್ಲಿ ಹಿಸುಕಿ ಎಂದು ಹೇಳಿ ಕಳಿಸಿದ್ದೇನೆ. ಮುಂದಿನ ಭೇಟಿ ಹನ್ನೊಂದನೇ ತಿಂಗಳಿಗೆ.